ಎದುರುಮನೆಯಲ್ಲಿ ಚೌಕಾಸಿ ಇಲ್ಲ

ಇಂಟರ್‌ನೆಟ್ಟಿನಲ್ಲಿ ವ್ಯಾಪಾರ ಮಾಡಿದರೆ ಗಿರಾಕಿಯ ಮುಖ ನೋಡಬೇಕಾಗಿಲ್ಲ, ಮುಖ ನೋಡದಿದ್ದರೆ ಚೌಕಾಸಿಯೂ ಇರುವುದಿಲ್ಲ ಎಂದು ನನಗೆ ಯಾರು ಹೇಳಿದರೋ, ಅವರು ಕೈಗೆ ಸಿಕ್ಕರೆ ಎರಡು ಮಾತು ಕೇಳುವುದಿದೆ. ನಾನು ಕಂಡ ಹಾಗೆ ಚೌಕಾಸಿಗೆ ಮುಖವೇ ಬೇಕಿಲ್ಲ. ಅದು ಇಮೇಲಿನಲ್ಲಿ ಬರುತ್ತದೆ, ಫೋನಿನಲ್ಲಿ ಬರುತ್ತದೆ, ಅಲ್ಲೆಲ್ಲ ಮುಗಿಯದಿದ್ದರೆ ಆಟೊ ಹತ್ತಿಕೊಂಡು ಮನೆಬಾಗಿಲಿಗೇ ಬರುತ್ತದೆ.

ಎರಡು ಸಾವಿರದ ಐದೋ ಆರೋ ಇರಬೇಕು. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ನಾನು ಪಟ್ಟದ ಗೊಂಬೆಗಳಿಗೆ ಸೀರೆ ಉಡಿಸಿ ಮಾರುತ್ತಿದ್ದೆ. ದಸರೆಗೆ ಗೊಂಬೆ ಕೂರಿಸುವವರ ಮನೆಯಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ನಿಲ್ಲುವ ಮರದ ರಾಜ ರಾಣಿ ಇರುತ್ತಾರಲ್ಲ, ಅವರೇ. ಬರೀ ಗೊಂಬೆ ತರಿಸಿ, ರಾಣಿಗೆ ಜರಿ ಸೀರೆ, ರಾಜನಿಗೆ ಪಂಚೆ ಪೇಟ ಹೊಲಿದು, ಮುತ್ತಿನ ಸರ ಹಾಕಿ, ಫೋಟೊ ತೆಗೆದು, ಒಂದು ಮಾರಾಟದ ವೆಬ್‌ಸೈಟಿಗೆ ಏರಿಸುತ್ತಿದ್ದೆ. ಜೋಡಿಗೆ ಒಂಬೈನೂರೈವತ್ತು ರೂಪಾಯಿ. ಆ ಬೆಲೆ ಫೋಟೊದ ಕೆಳಗೆ ಇರುತ್ತಿತ್ತೇ ಹೊರತು ನನ್ನ ಕೈಗೆ ಒಮ್ಮೆಯೂ ಬಂದಿರಲಿಲ್ಲ.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಎದುರುಮನೆ. ಅಲ್ಲಿ ಮೊದಲ ಮಹಡಿಗೆ ಬಾಡಿಗೆಗೆ ಬಂದ ಹುಬ್ಬಳ್ಳಿ ಕಡೆಯ ಹೆಂಗಸು ನನ್ನ ಕೆಲಸ ನೋಡಿ, "ನನಗೂ ಕಲಸ್ರೆಲಾ ಅಕ್ಕಾರ" ಎಂದಳು. ಕಲಿಸಿದೆ. ಸೀರೆ ನೆರಿಗೆ ಹಿಡಿಯುವುದನ್ನು ಕಲಿಸಿದೆ, ಫೋಟೊ ಏರಿಸುವುದನ್ನೂ ಕಲಿಸಿದೆ. ಅವರ ಮನೆಯಲ್ಲಿ ಗೊಂಬೆ ಕೂರಿಸುವ ರೂಢಿಯೇ ಇರಲಿಲ್ಲ. ಅಂಥವಳು ಜೋಡಿಗೆ ಸಾವಿರ ರೂಪಾಯಿ ಇಟ್ಟು, ಸಾವಿರಕ್ಕೇ ಮಾರುತ್ತಿದ್ದಳು. ಒಂದು ರೂಪಾಯಿ ಬಿಡುತ್ತಿರಲಿಲ್ಲ, ಬಿಡಿ ಎಂದು ಯಾರೂ ಕೇಳುತ್ತಲೂ ಇರಲಿಲ್ಲವಂತೆ. ಇದನ್ನು ಅವಳೇ ಜೋಳದ ರೊಟ್ಟಿ, ಎಣ್ಣೆಗಾಯಿ ಕೊಡಲು ಬಂದಾಗ ಹೇಳಿದಳು. ಎಣ್ಣೆಗಾಯಿ ಬಹಳ ಚೆನ್ನಾಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು.

ಅವತ್ತೇ ತೀರ್ಮಾನ ಮಾಡಿದೆ. ಈ ದಸರೆ ಮುಗಿಯುವುದರೊಳಗೆ ಒಂದೇ ಒಂದು ಸಲವಾದರೂ ನಾನೂ ಚೌಕಾಸಿ ಇಲ್ಲದೆ ಹೇಳಿದ ಬೆಲೆಗೆ ಮಾರಬೇಕು. ಅದನ್ನು ಅವಳು ಬಾಲ್ಕನಿಯಲ್ಲಿ ನಿಂತು ನೋಡಬೇಕು.

ಮಿಸ್ಡ್ ಕಾಲ್

ಸೀಸನ್ನಿನ ಮೊದಲ ಗಿರಾಕಿ ಬಿಟಿಎಂ ಲೇಔಟಿನವರು. ಒಂದು ರಿಂಗ್ ಕೊಟ್ಟು ಇಟ್ಟುಬಿಟ್ಟರು. ಪಾಪ, ಕಟ್ ಆಗಿರಬೇಕು ಎಂದು ನಾನೇ ಮಾಡಿದೆ.

"ಆಂಟಿ, ಗೊಂಬೆ ಸಖತ್ತಾಗಿದೆ. ಆರುನೂರಕ್ಕೆ ಕೊಡ್ತೀರಾ?"

"ಇಲ್ಲಪ್ಪ, ಒಂಬೈನೂರೈವತ್ತು."

"ಮನೆಯವರನ್ನ ಕೇಳಿ ಹೇಳ್ತೀನಿ" ಎಂದು ಇಟ್ಟರು. ಹತ್ತು ನಿಮಿಷಕ್ಕೆ ಮತ್ತೊಂದು ರಿಂಗ್. ನಾನೇ ಮಾಡಿದೆ. ಆರುನೂರೈವತ್ತು ಎಂದರು. ಸಂಜೆ ಮತ್ತೆ ರಿಂಗ್, ಮತ್ತೆ ನಾನೇ ಮಾಡಿದೆ, ಏಳುನೂರು. ಮೂರು ದಿನ ಹೀಗೇ ನಡೆಯಿತು. ಅವರು ಐವತ್ತೈವತ್ತು ಏರಬೇಕು, ಅದಕ್ಕೆ ಕರೆನ್ಸಿ ನಾನು ಹಾಕಿಸಬೇಕು. ಕೊನೆಗೆ ತಾಳ್ಮೆ ಕೆಟ್ಟು, "ಏನ್ರೀ ಇದು, ನಿಮ್ಮ ಚೌಕಾಸಿ ಕೇಳೋದಕ್ಕೆ ನಾನು ನೂರಿಪ್ಪತ್ತು ರೂಪಾಯಿ ಖರ್ಚು ಮಾಡಿದೀನಿ!" ಎಂದು ಕೂಗಿದೆ.

ಆ ಕಡೆಯಿಂದ ಬಹಳ ಬೇಸರದ ದನಿ ಬಂತು. "ನೋಡಿ ಆಂಟಿ, ಮೊದಲನೇ ದಿನವೇ ಒಪ್ಪಿದ್ರೆ ಆ ನೂರಿಪ್ಪತ್ತನ್ನ ನನಗೇ ಕಮ್ಮಿ ಮಾಡಬಹುದಿತ್ತಲ್ವಾ?"

ಸೊನ್ನೆ

ಎರಡನೆಯವರು ಬನಶಂಕರಿ ಸೆಕೆಂಡ್ ಸ್ಟೇಜಿನ ರಿಟೈರ್ಡ್ ಇಂಜಿನಿಯರ್. ಮನೆಗೇ ಬಂದರು, ಜೇಬಿನಲ್ಲಿ ಟೇಪು ಇಟ್ಟುಕೊಂಡು ಬಂದರು. ರಾಣಿಯ ಸೀರೆಯ ಉದ್ದ ಅಳೆದರು, ಅಗಲ ಅಳೆದರು, ಹಿಂದೆ ತಿರುಗಿಸಿ ಸೆರಗನ್ನೂ ಅಳೆದರು. ಚೀಟಿಯ ಮೇಲೆ ಲೆಕ್ಕ ಹಾಕಿ, "ಮೇಡಂ, ನಿಮ್ಮ ರೇಟಿನ ಪ್ರಕಾರ ಹೋದರೆ ನನ್ನ ಹೆಂಡತಿ ಸೀರೆಗೆ ಹನ್ನೊಂದು ಸಾವಿರ ಆಗುತ್ತೆ" ಎಂದರು.

"ಸಾರ್, ನಾನು ನಿಮ್ಮ ಮಿಸೆಸ್ಸಿಗೆ ಸೀರೆ ಮಾರ್ತಾ ಇಲ್ಲವಲ್ಲ."

"ಮಾತಿಗೆ ಹೇಳಿದೆ. ಗೊಂಬೆಗಾದರೆ ನೆರಿಗೆಯೂ ಕಮ್ಮಿ."

ಮುಕ್ಕಾಲು ಗಂಟೆ ಕೂತು, ಎರಡು ಕಾಫಿ ಕುಡಿದು, ಆರುನೂರಕ್ಕೆ ಇಳಿಸಿದರು. ಆಮೇಲೆ ಪರ್ಸ್ ತೆಗೆದು ಆರುನೂರೊಂದು ಕೊಟ್ಟರು. ಒಂದು ರೂಪಾಯಿ ಜಾಸ್ತಿ ಬಂತಲ್ಲ ಸಾರ್ ಎಂದರೆ, "ಇರಲಿ ಮೇಡಂ, ದೇವರ ಕೆಲಸ. ಸೊನ್ನೆಯಲ್ಲಿ ಮುಗಿಸಬಾರದು" ಎಂದು ಕೈ ಮುಗಿದರು.

"ಹಾಗಾದರೆ ನಾನು ಹೇಳಿದ ಒಂಬೈನೂರೈವತ್ತಕ್ಕೂ ಒಂದು ರೂಪಾಯಿ ಸೇರಿಸಿ ಕೊಡಬಹುದಿತ್ತಲ್ಲ?"

ಮನುಷ್ಯ ನನ್ನನ್ನು ಕನಿಕರದಿಂದ ನೋಡಿದರು. "ಅದರಲ್ಲಿ ಸೊನ್ನೆ ಇತ್ತು ಅಂತಲೇ ಅಲ್ವೇ ಮೇಡಂ, ನಾನು ಮೊದಲಿಂದ ಒಪ್ಪದೇ ಇದ್ದಿದ್ದು?"

ಅವರು ಗೇಟು ದಾಟುವಾಗ ಎದುರುಮನೆಯ ಮುಂದೆ ಒಂದೇ ಸಲ ಎರಡು ಆಟೊ ಬಂದು ನಿಂತವು. ಕಾಲು ಗಂಟೆಯೊಳಗೆ ಇಬ್ಬರು ಹೆಂಗಸರು ಗೊಂಬೆಯ ಡಬ್ಬ ಎದೆಗವುಚಿಕೊಂಡು ಇಳಿದು ಬಂದರು. ಒಬ್ಬಾಕೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಾವಿರ ರೂಪಾಯಿ ಕೊಟ್ಟಿದ್ದಕ್ಕೆ ಅಳುತ್ತಿರಬೇಕು ಎಂದುಕೊಂಡು ಸಮಾಧಾನ ಪಟ್ಟೆ. ಆದರೆ ಆಕೆ ಆಟೊ ಹತ್ತುವ ಮುಂಚೆ ತಿರುಗಿ ಮೇಲಕ್ಕೆ ಕೈ ಬೀಸಿದಳು. ನನಗೆ ಅವತ್ತು ಊಟ ಸೇರಲಿಲ್ಲ.

ಫಿಕ್ಸೆಡ್ ರೇಟು

"ನೀನೂ ಫಿಕ್ಸೆಡ್ ರೇಟು ಅಂತ ಹಾಕು" ಎಂದರು ನಮ್ಮ ಮನೆಯವರು. ಹಾಕಿದೆ. ದಪ್ಪ ಅಕ್ಷರದಲ್ಲಿ, ಕೆಂಪು ಬಣ್ಣದಲ್ಲಿ, ಯಾರೂ ಕಮ್ಮಿ ಕೇಳಬಾರದು ಎಂದು ಹಾಕಿದೆ. ಮಾರನೆಯ ದಿನವೇ ಜೆಪಿ ನಗರದಿಂದ ಒಂದು ಇಮೇಲ್ ಬಂತು. ನಿಮ್ಮ ಫಿಕ್ಸೆಡ್ ರೇಟು ನೋಡಿ ಬಹಳ ಸಂತೋಷವಾಯಿತು, ನನಗೂ ಚೌಕಾಸಿ ಎಂದರೆ ಆಗುವುದಿಲ್ಲ, ಅದೊಂದು ಕೆಟ್ಟ ಅಭ್ಯಾಸ, ನಮ್ಮ ಜನ ಯಾವಾಗ ಸುಧಾರಿಸುತ್ತಾರೋ ಎಂದೆಲ್ಲ ಬರೆದಿದ್ದರು. ಓದಿ ಕಣ್ಣು ತುಂಬಿ ಬಂತು. ಮನೆಯವರನ್ನು ಕರೆದು ಓದಿಸಿದೆ.

ಅವರು ಕೊನೆಯ ಸಾಲಿನವರೆಗೂ ಓದಿದರು. ಅಲ್ಲಿ ಹೀಗಿತ್ತು: "ಆದ್ದರಿಂದ ಮಾತು ಬೆಳೆಸದೆ ನೇರವಾಗಿ ಐನೂರು ಕೊಡುತ್ತೇನೆ."

ಅಕ್ಕನ ಪತ್ತೇದಾರಿ

ಇನ್ನು ತಡೆಯಲಾಗಲಿಲ್ಲ. ಎದುರುಮನೆಯ ಗುಟ್ಟು ತಿಳಿಯಲೇಬೇಕಿತ್ತು. ವಸಂತಪುರದಲ್ಲಿರುವ ನಮ್ಮ ಅಕ್ಕನನ್ನು ಕರೆಸಿದೆ. ನಮ್ಮಕ್ಕ ಸಾಮಾನ್ಯದವಳಲ್ಲ. ಗಾಂಧಿ ಬಜಾರಿನಲ್ಲಿ ಅವಳನ್ನು ಕಂಡರೆ ಹೂವಿನವರು ಬುಟ್ಟಿಗೆ ಬಟ್ಟೆ ಮುಚ್ಚಿ ಆ ಕಡೆ ತಿರುಗಿ ಕೂರುತ್ತಾರೆ. ನನ್ನ ಹತ್ತಿರವೇ ಒಂದು ಜೋಡಿ ಗೊಂಬೆಯನ್ನು ನಾನೂರಕ್ಕೆ ತೆಗೆದುಕೊಂಡು ಹೋಗಿ, ಒಡಹುಟ್ಟಿದವಳು ಅಂತ ಜಾಸ್ತಿ ಕೊಟ್ಟೆ ಎಂದು ಊರೆಲ್ಲ ಹೇಳಿದವಳು.

"ಗಿರಾಕಿ ಥರ ಹೋಗು. ಎಷ್ಟು ಆಗುತ್ತೋ ಅಷ್ಟು ಇಳಿಸು. ಅವಳು ಒಂದು ರೂಪಾಯಿ ಬಿಟ್ಟರೂ ಸಾಕು, ನನ್ನ ಹೊಟ್ಟೆ ತಣ್ಣಗಾಗುತ್ತೆ" ಎಂದೆ.

"ಐನೂರಕ್ಕೆ ತರ್ತೀನಿ ನೋಡ್ತಿರು" ಎಂದು ಸೆರಗು ಸಿಕ್ಕಿಸಿ ಹೋದಳು.

ಅರ್ಧ ಗಂಟೆಗೆ ಮೂಗು ಕೆಂಪಗೆ ಮಾಡಿಕೊಂಡು ವಾಪಸ್ ಬಂದಳು. ಕೈಯಲ್ಲಿ ಡಬ್ಬ.

"ಎಷ್ಟಕ್ಕೆ ಕೊಟ್ಟಳು?"

"ಸಾವಿರ."

"ಅಕ್ಕಾ!"

"ಬಾಯಿ ತೆಗೆಯೋಕೇ ಆಗಲಿಲ್ಲ ಕಣೇ. ಆಕೆ ರಾಣಿ ಗೊಂಬೇನ ಮಣೆ ಮೇಲೆ ನಿಲ್ಲಿಸಿ, ಅರಿಶಿನ ಕುಂಕುಮ ಇಟ್ಟು, ಉಡಿ ತುಂಬಿದಳು. ಅಕ್ಕಿ, ಬಟ್ಟಲಡಿಕೆ, ಒಂದು ಪುಟ್ಟ ರವಿಕೆ ಕಣ. 'ನಮ್ಮನಿ ಮಗಳು ರೀ, ನಿಮ್ಮ ಮನಿಗೆ ಬರಾಕತ್ತಾಳ, ನೋವು ಮಾಡಬ್ಯಾಡ್ರಿ' ಅಂತ ನನ್ನ ಕೈಗೆ ಕೊಟ್ಟು ಅತ್ತುಬಿಟ್ಟಳು. ನಿಜವಾಗ್ಲೂ ಅತ್ತಳು. ಮಗಳನ್ನ ಕಳಿಸೋ ಹೊತ್ತಲ್ಲಿ ಐವತ್ತು ಕಮ್ಮಿ ಮಾಡಿ ಅಂತ ಹೇಗೆ ಕೇಳ್ಲಿ?"

ಹೇಳುತ್ತ ಹೇಳುತ್ತ ಅಕ್ಕ ಮತ್ತೆ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅದ್ಸರಿ, ಐನೂರು ನನ್ನದು, ಮಿಕ್ಕಿದ್ದು ನೀನು ಕೊಡು. ಕಳಿಸಿದ್ದು ನೀನೇ ಅಲ್ವಾ?" ಎಂದಳು.

ಬೀಗಿತ್ತಿ

ಗುಟ್ಟು ಸಿಕ್ಕಿತ್ತು. ಇನ್ನು ನನಗೇನು ಕಡಿಮೆ? ಉಡಿ ತುಂಬುವುದನ್ನೇ ನಮ್ಮ ಕಡೆ ಮಡಿಲಕ್ಕಿ ಎನ್ನುತ್ತೇವೆ. ಕನ್ನಡಿಯ ಮುಂದೆ ನಿಂತು ಗಂಟಲು ಗದ್ಗದ ಮಾಡುವುದನ್ನು ಅಭ್ಯಾಸ ಮಾಡಿದೆ. ಮನೆಯವರು ನೆಗಡಿಯಾಗಿದೆ ಎಂದು ಕಷಾಯ ತಂದುಕೊಟ್ಟರು.

ಹಬ್ಬಕ್ಕೆ ಎರಡೇ ದಿನ. ಜಯನಗರದಿಂದ ಒಬ್ಬ ಅಜ್ಜಿ ಬಂದರು, ಎಪ್ಪತ್ತು ದಾಟಿರಬೇಕು.

"ನಮ್ಮ ರಾಣಿಗೆ ಗೆದ್ದಲು ಹಿಡೀತು ಕಣಮ್ಮ. ರಾಜ ಗಟ್ಟಿಮುಟ್ಟಾಗಿದಾನೆ. ರಾಣಿ ಒಬ್ಬಳನ್ನೇ ಕೊಡು."

ಜೋಡಿ ಒಡೆದರೆ ರಾಜ ನನ್ನ ತಲೆಗೆ ಬೀಳುತ್ತಾನೆ ಎಂದು ಗೊತ್ತಿತ್ತು. ಆದರೆ ಎದುರು ಬಾಲ್ಕನಿಯಲ್ಲಿ ಅವಳು ಬಟ್ಟೆ ಒಣಹಾಕುತ್ತಿದ್ದಳು. ಬಾಗಿಲು ಪೂರ್ತಿ ತೆಗೆದಿಟ್ಟು, ಅಜ್ಜಿಯನ್ನು ವರಾಂಡದಲ್ಲೇ ಕೂರಿಸಿ, "ಐನೂರು ಅಜ್ಜಿ" ಎಂದೆ. ಅವರು ಬಾಯಿ ತೆಗೆಯುವುದರೊಳಗೆ ಮಣೆ ತಂದೆ, ಮಡಿಲಕ್ಕಿ ಇಟ್ಟೆ, ದನಿ ನಡುಗಿಸಿದೆ. "ನಮ್ಮನೆ ಮಗಳು ಅಜ್ಜಿ. ನಿಮ್ಮ ಮನೆ ಸೇರ್ತಿದಾಳೆ. ಚೆನ್ನಾಗಿ ನೋಡ್ಕೊಳ್ಳಿ."

ಅಜ್ಜಿ ತೆಗೆದಿದ್ದ ಪರ್ಸನ್ನು ಮುಚ್ಚಿದರು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ನೆಟ್ಟಗೆ ಕೂತರು.

"ಹಾಗಾದ್ರೆ ನಾವು ಗಂಡಿನ ಕಡೆಯವರು ಅಂತಾಯ್ತು."

"ಹೂಂ... ಹೌದು."

"ಗಂಡಿನ ಕಡೆಯವರ ಹತ್ರ ಯಾವೂರಲ್ಲಮ್ಮ ದುಡ್ಡು ಕೇಳ್ತಾರೆ?"

ನನ್ನ ಗದ್ಗದ ಅಲ್ಲೇ ನಿಂತಿತು. ಸೋಲಬಾರದು ಎಂದು, "ನಿಮ್ಮ ಹುಡುಗನಿಗೆ ಇದು ಎರಡನೇ ಸಂಬಂಧ ಅಲ್ವಾ ಅಜ್ಜಿ?" ಎಂದೆ.

"ಎರಡನೇದಾದ್ರೇನು? ಅರವತ್ತು ವರ್ಷದಿಂದ ಪ್ರತಿ ದಸರೇಲೂ ಪಟ್ಟಕ್ಕೆ ಕೂತಿದಾನೆ. ಖಾಯಂ ಕೆಲಸ. ಇಂಥ ವರ ನಿಮಗೆ ಇನ್ನೆಲ್ಲಿ ಸಿಗ್ತಾನೆ?"

ಕಡೆಗೆ ಮದುವೆ ಖರ್ಚಿಗೆ ತಮ್ಮ ಪಾಲು ಎಂದು ಇನ್ನೂರು ರೂಪಾಯಿ ಕೊಟ್ಟರು. ಬೀಗಿತ್ತಿಯ ಮರ್ಯಾದೆಗೆ ಎಂದು ನನ್ನಿಂದ ಒಂದು ಒಳ್ಳೆಯ ರವಿಕೆ ಕಣ ತೆಗೆದುಕೊಂಡು, ಮಗಳನ್ನು ಕರೆದುಕೊಂಡು ಹೋದರು. ದಸರೆ ಮುಗಿಯಿತು. ರಾಜ ನಮ್ಮ ಷೋಕೇಸಿನಲ್ಲಿ ಒಬ್ಬನೇ ನಿಂತಿದ್ದ.

ದೀಪಾವಳಿಯ ಬೆಳಿಗ್ಗೆ ಗೇಟಿನ ಸದ್ದಾಯಿತು. ನೋಡಿದರೆ ಅದೇ ಅಜ್ಜಿ. ಕೈಯಲ್ಲಿ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ರಾಣಿ, ಪಕ್ಕದಲ್ಲಿ ಪೇಟ ಮಾಸಿದ ಒಬ್ಬ ಹಳೆಯ ರಾಜ.

"ಮದುವೆಯಾಗಿ ಮೊದಲನೇ ದೀಪಾವಳಿ ಅಲ್ವಾ ಬೀಗಿತ್ತಿ, ಮಗಳು ಅಳಿಯನ್ನ ಕರ್ಕೊಂಡು ಬಂದೆ. ನೀವಾಗಿ ಕರೀಬೇಕಿತ್ತು, ಇರಲಿ, ನಾವೇನೂ ಬೇಜಾರು ಮಾಡ್ಕೊಂಡಿಲ್ಲ."

ಮೊದಲನೇ ದೀಪಾವಳಿಗೆ ಬಂದ ಮಗಳು ಅಳಿಯನನ್ನು ಹೊಸ ಬಟ್ಟೆ ಕೊಡದೆ ಕಳಿಸಲು ಆಗುತ್ತದೆಯೇ? ರಾಣಿಗೆ ಹೊಸ ಸೀರೆ ಉಡಿಸಿದೆ. ಅಳಿಯನಿಗೆ ಹೊಲಿದದ್ದು ಬೇರೆ ಇರಲಿಲ್ಲ, ಷೋಕೇಸಿನಲ್ಲಿದ್ದ ರಾಜನ ಪಂಚೆ ಪೇಟ ಬಿಚ್ಚಿ ಇವನಿಗೆ ಹಾಕಿದೆ. ಅಜ್ಜಿಗೆ ಒಬ್ಬಟ್ಟು ಬಡಿಸಿದೆ. ಅವರು ಎರಡನೇ ಸಲವೂ ಹಾಕಿಸಿಕೊಂಡರು.

ಅವರನ್ನು ಕಳಿಸಲು ಗೇಟಿಗೆ ಬಂದರೆ, ಎದುರುಮನೆಯಾಕೆ ಆಗಲೇ ಕೆಳಗೆ ಇಳಿದು ಬಂದು ನಿಂತಿದ್ದಳು. ತಟ್ಟೆಯನ್ನೇ ನೋಡುತ್ತಿದ್ದಳು. ಹೊಸ ಬಟ್ಟೆಯ ಮಗಳು ಅಳಿಯನನ್ನು ನೋಡಿದಳು, ನನ್ನನ್ನು ನೋಡಿದಳು.

"ಅಕ್ಕಾರ, ನಾ ಇಷ್ಟು ಮಂದಿ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕಳಿಸೀನಿ. ಒಬ್ಬಾಕಿನೂ ಹಬ್ಬಕ್ಕ ಅಂತ ಹೊಳ್ಳಿ ಬರಲಿಲ್ಲ ನೋಡ್ರಿ" ಎಂದಳು. ಮುಖ ಇಷ್ಟುದ್ದ ಆಗಿತ್ತು.

ಹೊಟ್ಟೆಕಿಚ್ಚು! ಅವಳಿಗೆ, ನನ್ನ ಮೇಲೆ! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳ ಕಣ್ಣ ಮುಂದೆಯೇ ರಾಣಿಯ ಸೆರಗು ಸರಿ ಮಾಡಿ, "ಆಗಾಗ ಬರ್ತಿರು ಮಗಳೇ" ಎಂದುಬಿಟ್ಟೆ.

ಅಜ್ಜಿಗೆ ಇದೇ ಸಮಯ ಸಿಕ್ಕಿತು. "ಬೀಗಿತ್ತಿ, ಹಬ್ಬದ ದಿನ, ಆಟೊದವರು ಬಾಯಿಗೆ ಬಂದಹಾಗೆ ಕೇಳ್ತಾರೆ. ನೂರು ರೂಪಾಯಿ ಕೊಟ್ಬಿಡಿ."

ನಮ್ಮ ಮನೆಯಿಂದ ಜಯನಗರಕ್ಕೆ ಇಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಆದರೆ ಎದುರುಮನೆಯಾಕೆ ಇನ್ನೂ ನೋಡುತ್ತಿದ್ದಳು. ನಗುತ್ತ ನೂರರ ನೋಟು ತೆಗೆದು ಕೊಟ್ಟೆ. ಆ ಸೀಸನ್ನಿನಲ್ಲಿ ಚೌಕಾಸಿ ಇಲ್ಲದೆ ಹೇಳಿದ ಬೆಲೆಗೆ ನಮ್ಮ ಮನೆಯಲ್ಲಿ ನಡೆದ ಒಂದೇ ಒಂದು ವ್ಯವಹಾರ ಅದು.