ಮೊದಲು ಅವರು ಇಳಿಸಲಿ

ಅಮೆರಿಕಕ್ಕೂ ರಷ್ಯಾಕ್ಕೂ ಮೂರನೆಯ ಮಹಾಯುದ್ಧ ಆಗದೆ ಉಳಿದದ್ದಕ್ಕೆ ದೊಡ್ಡವರು ದೊಡ್ಡ ಕಾರಣಗಳನ್ನೇ ಹೇಳಬಹುದು. ನಮ್ಮಪ್ಪನ ಪ್ರಕಾರ ಕಾರಣ ಒಂದೇ: ಅವೆರಡರ ನಡುವೆ ರಾಜಿ ಮಾಡಿಸಲು ಯಾರೂ ನಮ್ಮ ಸೋದರತ್ತೆಯನ್ನು ಕರೆಯಲಿಲ್ಲ.

ಅತ್ತೆ ಅಪ್ಪನಿಗೆ ಅಕ್ಕ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾವೆಲ್ಲ ಹರಿಹರದ ಒಂದೇ ಮನೆಯಲ್ಲಿದ್ದೆವು. ಅತ್ತೆ ದಿನಾ ಬಸ್ಸು ಹಿಡಿದು ದಾವಣಗೆರೆಗೆ ಹೋಗಿ, ಅಲ್ಲಿನ ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳಿ ಬರುತ್ತಿದ್ದಳು. ಒಂದು ಕಡೆ ಕೂತವಳೇ ಅಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬರುವಳು. ತಟ್ಟೆ ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಅಡ್ಡಾಡುತ್ತಲೇ ಉಣ್ಣುವಳು. ಅಪ್ಪ "ಕೂಡಕ್ಕ" ಅಂದರೆ, "ಕೂತ್ರೆ ನನ್ ತಲಿನೂ ಕೂತ್ಬಿಡ್ತೈತೆ" ಅನ್ನುವಳು. ಅವಳ ಜೊತೆ ಮಾತಾಡಲು ಬಂದ ನೆಂಟರು ಅತ್ತಿತ್ತ ಕತ್ತು ತಿರುಗಿಸೀ ತಿರುಗಿಸೀ, ಹೋಗುವಾಗ ಅವ್ವನ ಹತ್ತಿರ ಕತ್ತುನೋವಿಗೆ ಎಣ್ಣೆ ಕೇಳುತ್ತಿದ್ದರು.

ಅಡುಗೆಮನೆಯಲ್ಲಿ ಅವ್ವನಿಗೂ ಚಿಕ್ಕಮ್ಮನಿಗೂ ಮಾತಿಗೆ ಮಾತು ಬೆಳೆದರೆ, ಅತ್ತೆ ಸೋಲುತ್ತಿರುವವರ ಪಕ್ಷ ಸೇರುತ್ತಿದ್ದಳು. ಆ ಪಕ್ಷ ಗೆಲ್ಲತೊಡಗಿತೋ, ಈ ಕಡೆ ಜಿಗಿಯುತ್ತಿದ್ದಳು. "ಇದಕ್ಕೆ ಶಕ್ತಿ ಸಮತೋಲನ ಅಂತಾರೆ. ಯಾರೂ ಭಾಳ ಬಲಿಯಂಗಿಲ್ಲ" ಎಂಬುದು ಅವಳ ವಾದ. ಅರ್ಧ ತಾಸಿನಲ್ಲಿ ಮುಗಿಯಬೇಕಾದ ಜಗಳ ಇದರಿಂದಾಗಿ ವಾರಗಟ್ಟಲೆ ಹದವಾಗಿ ಬೇಯುತ್ತಿತ್ತು. ಕೊನೆಗೊಂದು ದಿನ ಓರಗಿತ್ತಿಯರಿಬ್ಬರೂ ಒಂದಾಗಿ ಅವಳನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಿದರು. ಅವಳಿಗೆ ಬೇಸರವಾಯಿತೆ? ಎಲ್ಲಿಯ ಬೇಸರ. "ನೋಡಿದೇನು, ಇಬ್ರಿಗೂ ಒಬ್ಳೇ ವೈರಿ ಸಿಕ್ರೆ ಮೈತ್ರಿಕೂಟ ಹೆಂಗೆ ಹುಟ್ತೈತೆ" ಎಂದು ಮುಚ್ಚಿದ ಬಾಗಿಲನ್ನೇ ಕರಿಹಲಗೆ ಮಾಡಿಕೊಂಡು ನನಗೆ ಪಾಠ ಹೇಳಿದಳು.

ಅವಳ ಶಾಸ್ತ್ರಕ್ಕೆ ನಿಜವಾದ ಪರೀಕ್ಷೆ ಬಂದದ್ದು ಹಿತ್ತಲ ಗೋಡೆಯಿಂದ. ಪಕ್ಕದ ಮನೆ ಸಾಹೇಬರದು. ಅವರದು ಬಾಗಿಲು, ಮಂಚ ಮಾಡುವ ಮರಗೆಲಸ; ಅಪ್ಪನದು ಕಾಳಿನ ವ್ಯಾಪಾರ. ಎರಡು ಹಿತ್ತಲುಗಳ ನಡುವೆ ಸೊಂಟದೆತ್ತರದ ಗೋಡೆ, ಅರ್ಧ ಅಗಲ ನಮ್ಮದು, ಅರ್ಧ ಅವರದು. ಸಾಹೇಬರ ಹೆಂಡತಿಯನ್ನು ನಾವೆಲ್ಲ ಚಾಚಿ ಅನ್ನುತ್ತಿದ್ದೆವು. ಚಾಚಿ ಮತ್ತು ಅವ್ವ ಆ ಗೋಡೆಗೆ ಮೊಣಕೈ ಊರಿ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಯುಗಾದಿಗೆ ಇತ್ತಿಂದ ಹೋಳಿಗೆ ಹೋಗುತ್ತಿತ್ತು, ರಂಜಾನಿಗೆ ಅತ್ತಿಂದ ಹಾಲು-ಶಾವಿಗೆಯ ಸುರಕುಂಬಾ ಬರುತ್ತಿತ್ತು.

ಒಂದು ದಿನ ಸಾಹೇಬರ ಆಡು ಗೋಡೆ ಹಾರಿ ಬಂದು ನಾವು ಒಣಹಾಕಿದ್ದ ಜೋಳ ಮೇಯ್ದಿತು. ಅಪ್ಪ ಗೋಡೆಯ ನಮ್ಮರ್ಧದ ಮೇಲೆ ಇಟ್ಟಿಗೆ ಏರಿಸಿದರು. ಏರಿಸಿದ್ದು ಆಡಿಗಾಗಿ. ಆಡು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಸಾಹೇಬರು ಹಚ್ಚಿಕೊಂಡರು. ತಮ್ಮರ್ಧದ ಮೇಲೆ ಅವರು ಒಂದು ಸಾಲು ಹೆಚ್ಚಿಗೇ ಇಟ್ಟರು. ಅಪ್ಪ ಸುಮ್ಮನಿರುತ್ತಾರೆಯೆ? ಹೀಗೆ ಏರಿ ಏರಿ ಗೋಡೆ ಆಳೆತ್ತರ ದಾಟಿತು. ಸಾಹೇಬರು ತಮ್ಮ ಭಾಗದ ತುದಿಗೆ ಗಾಜಿನ ಚೂರನ್ನೂ ನೆಡಿಸಿದರು. ಹಿತ್ತಲಿಗೆ ಗಾಳಿ ಬರುವುದು ನಿಂತು ಎರಡೂ ಮನೆಯವರು ಬೀಸಣಿಗೆ ಹಿಡಿದರು.

ಅತ್ತೆ ಅಪ್ಪನ ಸುತ್ತ ಸುತ್ತುತ್ತ ಹೇಳಿದಳು: "ನೀ ಹೆದರಿ ಏರಿಸ್ತಿ. ನೀ ಏರಿಸಿದ್ದು ನೋಡಿ ಅವ್ರು ಹೆದರ್ತಾರೆ. ಅವ್ರು ಏರಿಸಿದ್ದು ನೋಡಿ ನೀ ಮತ್ತೆ ಹೆದರ್ತಿ. ಇದಕ್ಕೆ ಭದ್ರತೆಯ ಇಕ್ಕಟ್ಟು ಅಂತಾರೆ. ದೇಶದೇಶಗಳೇ ಇದ್ರಾಗೆ ಸಿಕ್ಕೊಂಡು ಒದ್ದಾಡ್ತವೆ."

"ನಾ ಯಾಕ ಹೆದರ್ಲಿ? ಆಡು ಬರ್ತೈತೆ ಅಂತ ಕಟ್ಟಿದ್ದು."

"ಆಡು ಮಾರಿ ಯಾವ ಕಾಲ ಆತು, ಗೊತ್ತೈತೇನು?"

ಅಪ್ಪನಿಗೆ ಗೊತ್ತಿರಲಿಲ್ಲ. ಗೋಡೆ ಅಷ್ಟು ಎತ್ತರವಾದ ಮೇಲೆ ಆ ಕಡೆ ಆಡು ಇದೆಯೋ ಇಲ್ಲವೋ ಕಾಣುವುದಾದರೂ ಹೇಗೆ?

ಮಾತುಕತೆಗೆ ತಟಸ್ಥ ನೆಲ ಬೇಕೆಂದು ಅತ್ತೆ ಇಬ್ಬರನ್ನೂ ದಾವಣಗೆರೆಯ ಒಂದು ಮಂಡಕ್ಕಿ ಅಂಗಡಿಗೆ ಕರೆದೊಯ್ದಳು. ನಡುವೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅತ್ತೆ ನಿಂತೇ ಅಧ್ಯಕ್ಷತೆ ವಹಿಸಿದಳು.

"ಮೊದ್ಲು ಅವ್ರು ಇಳಿಸ್ಲಿ" ಎಂದರು ಅಪ್ಪ.

"ಅಕ್ಕಾರೆ, ಪೈಲೆ ಏರಿಸಿದ್ದು ಯಾರು ಕೇಳ್ರಿ. ಪೈಲೆ ಇಳಿಸೋದೂ ಅವ್ರೇ" ಎಂದರು ಸಾಹೇಬರು.

ಬಜ್ಜಿ ಮುಗಿಯಿತು, ಮಾತು ಮುಂದೆ ಹೋಗಲಿಲ್ಲ. ಒಮ್ಮತ ಮೂಡಿದ್ದು ಒಂದೇ ವಿಷಯದಲ್ಲಿ: ಇನ್ನು ಮೇಲೆ ಅಕ್ಕ ಕರೆದಲ್ಲಿಗೆ ಹೋಗಬಾರದು. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಹರಿಹರಕ್ಕೆ ಬಂದರು.

ಆಮೇಲೊಂದು ಭಾನುವಾರ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು. ಆ ಕಡೆ ಚಾಚಿ ಕೆಮ್ಮುತ್ತಿದ್ದಳು. ಕೆಲವು ದಿನಗಳಿಂದ ಅದೇ ಕೆಮ್ಮು. "ಹೆಂಗದೀರಿ?" ಎಂದು ಅವ್ವ ಇಟ್ಟಿಗೆಯನ್ನು ಕೇಳಿದಳು. ಆ ಕಡೆಯಿಂದ ಏನೋ ಉತ್ತರ ಬಂತು, ಮಾತು ತಿಳಿಯಲಿಲ್ಲ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಡ್ಡಾಡುತ್ತಿದ್ದ ಅತ್ತೆ ಅದನ್ನು ನೋಡಿ ನಿಂತಳು. ಕೊಟ್ಟಿಗೆಗೆ ಹೋಗಿ ಹಾರೆ ತಂದು, ಸ್ಟೂಲು ಹತ್ತಿ ಮೇಲಿನ ಸಾಲಿನ ಇಟ್ಟಿಗೆ ಕೀಳತೊಡಗಿದಳು. ಅಪ್ಪ ಓಡಿ ಬಂದರು.

"ಅಕ್ಕ, ಏನಿದು? ಅವ್ರು ಇಳಿಸ್ದೆ ನಾವ್ಯಾಕ ಇಳಿಸ್ಬೇಕು?"

"ನಾನೂ ಹಂಗೇ ಅಂದಿದ್ದೆ" ಎಂದಳು ಅತ್ತೆ, ಹಾರೆ ನಿಲ್ಲಿಸದೆ.

ಅತ್ತೆಗೆ ಮದುವೆಯಾಗಿತ್ತು. ಸಣ್ಣದೊಂದು ಮುನಿಸಿಗೆ ತವರಿಗೆ ಬಂದವಳು, ಗಂಡನೇ ಬಂದು ಕರೆಯಲಿ ಅಂದಿದ್ದಳು. ಆ ಕಡೆ ಅವರು, ತಾನಾಗಿ ಹೋದವಳು ತಾನಾಗೇ ಬರಲಿ ಅಂದಿದ್ದರು. ಮನೆಯಲ್ಲಿ ಯಾರೂ ಆಡದ ಮಾತನ್ನು ಅವತ್ತು ಅವಳೇ ಆಡಿದಳು: "ಯಾರು ಮೊದ್ಲು ಅನ್ನೋದ್ರಾಗೆ ವರ್ಷ ಹೋದ್ವು. ಆಮ್ಯಾಲೆ ಅವ್ರೇ ಹೋಗ್ಬಿಟ್ರು. ಸೋಲಾಕೂ ಎದ್ರಿಗೆ ಯಾರೂ ಉಳೀಲಿಲ್ಲ."

ಆ ಕಡೆ ಏಣಿ ಆನಿಸಿದ ಸದ್ದಾಯಿತು. ಸಾಹೇಬರ ತಲೆ ಮೇಲೆ ಬಂತು. ಕೆಳಗೆ ಬಿದ್ದ ಇಟ್ಟಿಗೆಗಳನ್ನೂ ಅತ್ತೆಯ ಕೈಗಳನ್ನೂ ನೋಡಿ ಅವರು ಮೆಲ್ಲಗೆ ಅಂದರು: "ಅಕ್ಕಾರೆ, ಈ ಕಡಿಗೆ ಗಾಜು ಐತೆ. ಕೈ ಹುಷಾರು. ಅದನ್ನ ನಾ ತೆಗಿತೀನಿ ತಡೀರಿ."

ಮಧ್ಯಾಹ್ನದ ಹೊತ್ತಿಗೆ ಗೋಡೆ ಸೊಂಟಕ್ಕೆ ಇಳಿಯಿತು. ಅವ್ವ ಸೊರಗಿದ ಚಾಚಿಯ ಎರಡೂ ಕೈ ಹಿಡಿದುಕೊಂಡಳು.

ಅತ್ತೆಯ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಅಪ್ಪ ಬಾವಿಕಟ್ಟೆಯ ಹತ್ತಿರ ಚೊಂಬಿನಿಂದ ಅವಳ ಕೈಗೆ ಸಣ್ಣಗೆ ನೀರು ಬಿಡುತ್ತ, ತಲೆ ಎತ್ತದೆ ಅಂದರು: "ನಾನಾದ್ರೂ ಹೋಗಿ ಭಾವನ್ನ ಕರ್ಕಂಡ್ ಬರ್ಬೇಕಿತ್ತಕ್ಕ."

"ಆವಾಗ ನೀ ಇನ್ನಾ ಸಣ್ಣಾವ. ನೀರು ಹಾಕು" ಎಂದಳು ಅತ್ತೆ.

ಕೈ ತೊಳೆದಾದ ಮೇಲೂ ಅಪ್ಪ ನೀರು ಬಿಡುತ್ತಲೇ ಇದ್ದರು.