ಗುಂಡೇಶ್ವರನ ಡ್ರೈವರು

ನಾನು ಜೀವಮಾನದಲ್ಲಿ ಒಂದೇ ಒಂದು ಕಾರು ಕೊಂಡೆ. ಅದೂ ಸ್ಪೋರ್ಟ್ಸ್ ಕಾರು.

ಕಾಶಿಯ ಶಿವಾಲದ ಗಲ್ಲಿಯಲ್ಲಿ ಪಂಚೆ ಉಟ್ಟು, ವಿಭೂತಿ ಬಳಿದುಕೊಂಡು, ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ಶ್ರಾದ್ಧ ಮಾಡಿಸಿ ಬದುಕುವ ಪುರೋಹಿತನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಿತ್ರೆಯೂ ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ: "ಎಲ್ಲಾ ನಿನ್ನ ಕಲ್ಲಿಗೋಸ್ಕರ ಕಣೆ."

ಕಲ್ಲಿನ ವಿಷಯ ಹೇಳಬೇಕು. ತೊಂಬತ್ತರ ದಶಕದ ಮೊದಮೊದಲು. ಸುಮಿತ್ರೆಯ ತೌರು ಚಿಕ್ಕಬಳ್ಳಾಪುರದಲ್ಲಿ. ಅವಳ ಅಣ್ಣತಮ್ಮಂದಿರು ಮನೆ ಮಾರಿ ಪಾಲು ಮಾಡಿಕೊಳ್ಳುತ್ತಿದ್ದರು. ನಾವಿಬ್ಬರೂ ಹೋಗಿದ್ದೆವು. ದೊಡ್ಡಣ್ಣ ನಾಗೇಶ, "ನಿನಗೇನು ಬೇಕು ಹೇಳಮ್ಮ" ಎಂದ. ಇವಳು ಅಡುಗೆಮನೆಯ ಮೂಲೆಗೆ ಹೋಗಿ ರುಬ್ಬುವ ಕಲ್ಲನ್ನು ಮುಟ್ಟಿದಳು. ಒರಳು ಮತ್ತು ಅದರ ಗುಂಡು. ಅವಳ ಅಮ್ಮ, ಅಮ್ಮನ ಅತ್ತೆ ಎಲ್ಲರೂ ರುಬ್ಬಿ ರುಬ್ಬಿ ಗುಂಡಿನ ತಲೆ ನುಣ್ಣಗೆ ಹೊಳೆಯುತ್ತಿತ್ತು.

"ಬೆಳಗ್ಗೆ ಇದರ ಸದ್ದಿಗೇ ನಂಗೆ ಎಚ್ಚರ ಆಗ್ತಿತ್ತು. ಇಷ್ಟು ಕೊಡಿ, ಸಾಕು" ಎಂದಳು. ಗಂಡಸರೆಲ್ಲ ಸ್ವಲ್ಪ ಹೊತ್ತು ಗೋಡೆ ನೋಡಿದೆವು.

ಕಾಶಿಯಲ್ಲಿ ಇಂಥ ಕಲ್ಲು ಸಿಗುವುದಿಲ್ಲ. ಅಲ್ಲಿಯವರದು ಮಸಾಲೆ ಅರೆಯುವ ಚಪ್ಪಟೆ ಕಲ್ಲು. ಗುಂಡು ಎಂದರೆ ಏನೆಂದು ಅಲ್ಲಿ ಹುಟ್ಟಿದವರಿಗೆ ಗೊತ್ತೇ ಇಲ್ಲ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

"ರೈಲಿನ ಪಾರ್ಸೆಲ್‌ಗೆ ಹಾಕೋಣ" ಎಂದ ನಾಗೇಶ.

"ಹಾಕಿದರೆ ಕಾಶಿಗೆ ಜಲ್ಲಿ ಬಂದು ಸೇರುತ್ತೆ" ಎಂದೆ ನಾನು. ಯಾಕೆಂದರೆ ಅಷ್ಟು ಹೊತ್ತಿಗಾಗಲೇ ನಾಗೇಶನ ಗೆಳೆಯನ ಗ್ಯಾರೇಜಿನಲ್ಲಿ ನಾನು ಆ ಕಾರನ್ನು ನೋಡಿಯಾಗಿತ್ತು.

ಮೂಲದಲ್ಲಿ ಅದು ಯಾರೋ ಡಾಕ್ಟರು ಓಡಿಸಿ ಬಿಟ್ಟ ಎರಡು ಬಾಗಿಲಿನ ಹಳೇ ಕಾರು. ಗೆಳೆಯನ ಮಗ ರೇಸಿನ ಹುಚ್ಚಿನಲ್ಲಿ ಅದನ್ನು ಕೊಯ್ದು, ತಗ್ಗಿಸಿ, ಕುಂಕುಮದ ಬಣ್ಣ ಹೊಡೆಸಿ, ಅಗಲ ಟೈರು ಹಾಕಿಸಿ, ಬೆನ್ನ ಮೇಲೆ ಇಸ್ತ್ರಿ ಮೇಜಿನಂಥ ರೆಕ್ಕೆ ಕೂರಿಸಿದ್ದ. ಸೈಲೆನ್ಸರಿನ ಸದ್ದಿಗೆ ಪಕ್ಕದ ಮನೆಯ ಹಸು ಹಾಲು ಕಡಿಮೆ ಮಾಡಿತ್ತಂತೆ. ಅವನಿಗೆ ಮದುವೆ ಗೊತ್ತಾದಾಗ ಹೆಣ್ಣಿನ ಅಪ್ಪ "ಕಾರೋ, ನನ್ನ ಮಗಳೋ" ಎಂದು ಕೇಳಿದರು. ಹುಡುಗ ಬುದ್ಧಿವಂತ, ಮಗಳೆಂದ. ನನ್ನನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ.

ನಾಗೇಶ ಅನುಮಾನಿಸಿದ. "ಭಾವ, ನಿಮಗೆ ಓಡಿಸೋಕೆ ಬರುತ್ತಾ?"

ಬರುತ್ತಿತ್ತು. ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿನ ಟ್ಯಾಕ್ಸಿ ಸ್ನೇಹಿತನೊಬ್ಬ ಕಲಿಸಿದ್ದ, ಲೈಸೆನ್ಸೂ ಕೊಡಿಸಿದ್ದ. ರಿವರ್ಸ್ ಗೇರು ಕಲಿಸುವ ದಿನ ಮಾತ್ರ ಅವನಿಗೆ ಬಾಡಿಗೆ ಸಿಕ್ಕಿಬಿಟ್ಟಿತು. ಆದರೆ ರಿವರ್ಸ್ ಬೇಕಾದರೂ ಯಾಕೆ? ಚಿಕ್ಕಬಳ್ಳಾಪುರದ ಮುಂದೆ ಹಾದುಹೋಗುವ ಹೆದ್ದಾರಿ ನೆಟ್ಟಗೆ ಹೋಗಿ ಮುಗಿಯುವುದೇ ಕಾಶಿಯಲ್ಲಿ. ಮುಂದಕ್ಕೆ ಹೋಗುತ್ತಿದ್ದರೆ ಸಾಕು, ಮನೆ ಬರುತ್ತದೆ. ಕಾಶಿಯ ಜನಜಂಗುಳಿಯ ಗೋದೌಲಿಯಾ ಚೌಕದ ನಡುವೆ ಕೆಂಪು ಕಾರಿನಲ್ಲಿ ಹಾರನ್ ಬಾರಿಸುತ್ತ ಹೋಗಬೇಕು, ಜನ ತಿರುಗಿ ನೋಡಬೇಕು, ಅಷ್ಟೇ ನನ್ನ ಆಸೆ. ಗೋದೌಲಿಯಾ ನಮ್ಮ ಮನೆಯ ದಾರಿಯಲ್ಲ ಎಂಬುದು ಬೇರೆ ಮಾತು.

ಹೊರಡುವ ದಿನ ಸುಮಿತ್ರೆಯ ಅತ್ತಿಗೆಯರು ಕಲ್ಲಿಗೆ ಅರಿಶಿನ, ಕುಂಕುಮ ಹಚ್ಚಿದರು. ಮಗಳ ಜೊತೆ ಹೋಗುವ ವಸ್ತು, ಬರಿದಾಗಿ ಕಳಿಸಬಾರದು ಎಂದು ಗುಂಡಿಗೆ ಒಂದು ಕೆಂಪು ರವಿಕೆ ಕಣ ಸುತ್ತಿ, ಹೂ ಮುಡಿಸಿದರು. ಸುಮಿತ್ರೆ ಕಣ್ಣೊರೆಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಕೂತಳು ಎನ್ನುವುದಕ್ಕಿಂತ ಬಿದ್ದಳು. ಅದು ರೇಸಿನವರ ಸೀಟು, ಬಾಣಲೆಯಂತೆ ಗುಂಡಿ ಇತ್ತು.

"ಏನ್ರೀ ಇದು, ಇಲ್ಲಿಂದ ಆಕಾಶ ಒಂದು ಬಿಟ್ಟು ಇನ್ನೇನೂ ಕಾಣಲ್ಲ" ಎಂದು ಎದ್ದು ಹಿಂದಕ್ಕೆ ಹೋದಳು. ಹಿಂದೆ ಸೀಟು ಕಿತ್ತಿದ್ದರು. ಅಲ್ಲಿ ಒರಳಿತ್ತು, ನಮ್ಮ ಹಾಸಿಗೆ ಸುರುಳಿಯಿತ್ತು. ಅವಳು ಸುರುಳಿಯ ಮೇಲೆ ಕೂತು ಒರಳಿಗೆ ಒರಗಿದಳು. ಗುಂಡನ್ನು ಬಾಣಲೆ ಸೀಟಿನಲ್ಲಿಟ್ಟೆ. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಉರುಳಬಾರದೆಂದು ಬೆಲ್ಟು ಹಾಕಿದೆ. ಬೆಲ್ಟು ಎಡ ಮೇಲಿನಿಂದ ಬಲ ಕೆಳಕ್ಕೆ ಬಂತು, ಥೇಟ್ ಜನಿವಾರದ ಹಾಗೆ.

ನನ್ನ ಪ್ರಯಾಣದ ವೇಗವನ್ನು ವರ್ಣಿಸಲಾರೆ, ವರ್ಣಿಸುವಷ್ಟು ಇರಲಿಲ್ಲ. ಕಾರು ನೆಲಕ್ಕೆ ಅಂಟಿಕೊಂಡಿತ್ತು, ಒರಳಿನ ಭಾರಕ್ಕೆ ಇನ್ನಷ್ಟು ಕುಸಿದಿತ್ತು. ಊರು ಬಂದರೆ ಹಂಪು ಬರುತ್ತದೆ. ಹಂಪು ಬಂದರೆ ಕಾರಿನ ಹೊಟ್ಟೆ ಕಿರ್ರೆನ್ನುತ್ತದೆ. ಆಗ ಸುಮಿತ್ರೆ ಇಳಿಯಬೇಕು, ಒರಳನ್ನು ಇಬ್ಬರೂ ಇಳಿಸಬೇಕು, ನಾನು ಕಾರು ದಾಟಿಸಬೇಕು, ಅವಳು ಒರಳನ್ನು ಉರುಳಿಸಿಕೊಂಡು ಬರಬೇಕು, ಮತ್ತೆ ಹತ್ತಿಸಬೇಕು. ಆಂಧ್ರದಲ್ಲಿ ಒಂದು ಎತ್ತಿನ ಗಾಡಿ ನಮ್ಮನ್ನು ಮೂರು ಸಲ ಹಿಂದೆ ಹಾಕಿತು. ಮೂರನೆಯ ಸಲ ಗಾಡಿಯವನು ಪರಿಚಯದ ನಗೆ ನಕ್ಕ.

ನಾಗಪುರದಲ್ಲಿ ದಾರಿ ತಪ್ಪಿ ಕಿತ್ತಳೆ ಮಂಡಿಗೆ ನುಗ್ಗಿದೆ. ಮುಂದೆ ಹಣ್ಣಿನ ರಾಶಿ, ಹಿಂದಕ್ಕೆ ಹೋಗುವ ವಿದ್ಯೆ ನನಗಿಲ್ಲ. ಹಮಾಲರು ನಗುತ್ತ ಬಂದು ಕಾರನ್ನೇ ಎತ್ತಿ ತಿರುಗಿಸಿಟ್ಟರು.

"ರೈಲಲ್ಲಿ ಹೋಗಿದ್ರೆ ಇಷ್ಟು ಹೊತ್ತಿಗೆ ಮನೇಲಿ ಇಡ್ಲಿ ತಿಂತಿದ್ವಿ" ಎಂದಳು ಹಿಂದಿನಿಂದ. ನಾನು ಗೇರು ಬದಲಾಯಿಸುವುದರಲ್ಲಿ ಮಗ್ನನಾದಂತೆ ನಟಿಸಿದೆ.

ಆದರೂ ಒಂದು ಮಾತು. ಈಗ ನೆನೆಸಿಕೊಂಡರೆ ನಮ್ಮಿಬ್ಬರ ಬಾಳಿನಲ್ಲಿ ಅಷ್ಟು ಮಾತಾಡಿದ ದಿನಗಳು ಬೇರೆ ಇಲ್ಲ. ಒರಳಿಗೆ ಒರಗಿಕೊಂಡು ಅವಳು ತನ್ನ ಅಮ್ಮ ರುಬ್ಬುವಾಗ ಹೇಳುತ್ತಿದ್ದ ಹಾಡುಗಳನ್ನೆಲ್ಲ ಹೇಳಿದಳು. ಸೈಲೆನ್ಸರಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಇನ್ನರ್ಧ ಇವತ್ತಿಗೂ ಕಿವಿಯಲ್ಲಿದೆ.

ಮಿರ್ಜಾಪುರ ದಾಟಿದೆವು. ಕಾಶಿ ಇನ್ನೇನು ಬಂತು ಎನ್ನುವ ಉತ್ಸಾಹದಲ್ಲಿ ಒಂದು ಹಳ್ಳಿಯ ಹಂಪನ್ನು ಒರಳು ಇಳಿಸದೆಯೇ ಹಾರಿಸಲು ಹೋದೆ. ಕಾರು ಅದರ ಮೇಲೆ ಕೂತುಬಿಟ್ಟಿತು. ಕೆಳಗೆ ಆಯಿಲ್ ಚೇಂಬರ್ ಒಡೆದು ಕಪ್ಪು ಎಣ್ಣೆ ರಸ್ತೆಗೆ ಹರಿಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಹಳ್ಳಿಯವರು ಸೇರಿದರು. ಮೀಸೆಯ ಮುದುಕರೊಬ್ಬರು ಕಿಟಕಿಯಲ್ಲಿ ಬಗ್ಗಿದರು. ಅರಿಶಿನ, ಕುಂಕುಮ, ಕೆಂಪು ಬಟ್ಟೆ, ಒಣಗಿದ ಹೂವು, ಜನಿವಾರ, ನುಣುಪಾದ ಕರಿಯ ಕಲ್ಲು. ಪಕ್ಕದಲ್ಲಿ ವಿಭೂತಿ ಬಳಿದ ನಾನು. ಮುದುಕರು ಚಪ್ಪಲಿ ಬಿಟ್ಟು ಕೈಮುಗಿದರು.

"ಮಹಾದೇವ್ ಕೋ ಕಹಾಂ ಲೇ ಜಾ ರಹೇ ಹೈಂ, ಪಂಡಿತ್‌ಜೀ?"

ಮಹಾದೇವನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೀರಿ ಎಂದು ಅವರ ಪ್ರಶ್ನೆ. ನಾನು ಸುಳ್ಳು ಹೇಳಲಿಲ್ಲ. "ಕಾಶಿಗೆ" ಎಂದೆ.

"ರೀ, ಅದು ಗುಂಡು ಅಂತ ಹೇಳ್ರೀ" ಎಂದಳು ಸುಮಿತ್ರೆ, ಕನ್ನಡದಲ್ಲಿ.

"ಸುಮ್ಮನಿರೆ, ಮೊದಲು ಕಾರು ಎತ್ತಲಿ."

"ಗುಂಡು ಕಣ್ರೀ, ಗುಂಡು. ಪಾಪ ಬರುತ್ತೆ."

ಮುದುಕರ ಕಿವಿ ಚುರುಕಾಗಿತ್ತು. "ಗುಂಡೇಶ್ವರ್!" ಎಂದರು ಭಕ್ತಿಯಿಂದ. "ಹರ ಹರ ಮಹಾದೇವ್!" ಎಂದಿತು ಹಳ್ಳಿ. ಸುಮಿತ್ರೆ, ಒರಳು ಸಮೇತ ಕಾರು ನೆಲ ಬಿಟ್ಟು ಮೇಲೆದ್ದಿತು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಎಣ್ಣೆಯಿಲ್ಲದ ಎಂಜಿನ್ನು ಓಡಿಸುವಂತಿಲ್ಲ. ಮಹಾದೇವ ದಾರಿಯಲ್ಲಿ ನಿಲ್ಲಬಾರದೆಂದು ಅವರೇ ಒಂದು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದರು. ಟ್ರಾಲಿಯಲ್ಲಿ ಅರ್ಧ ಹಳ್ಳಿ, ಡೋಲಕ್ಕು, ತಾಳ. ಹೀಗೆ ನನ್ನ ಸ್ಪೋರ್ಟ್ಸ್ ಕಾರು ಟ್ರ್ಯಾಕ್ಟರಿನ ಬಾಲ ಹಿಡಿದು ಕಾಶಿಯನ್ನು ಪ್ರವೇಶಿಸಿತು. ಗುಂಡೇಶ್ವರನಿಗೆ ನಗರ ಪ್ರದಕ್ಷಿಣೆ ಆಗಲೇಬೇಕೆಂದು ಮುದುಕರು ಹಟ ಹಿಡಿದರು. ಎಲ್ಲಿಗೆ ಎಂದುಕೊಂಡಿರಿ? ಗೋದೌಲಿಯಾಕ್ಕೆ.

ನನ್ನ ಆಸೆ ಅಕ್ಷರಶಃ ನೆರವೇರಿತು. ಸೈಕಲ್ ರಿಕ್ಷಾಗಳು ದಾರಿ ಬಿಟ್ಟವು. ಪೊಲೀಸಿನವನು ಕೈ ಅಡ್ಡ ಹಿಡಿದು ಜನರನ್ನು ನಿಲ್ಲಿಸಿದ. ಚೌಕದ ಜನವೆಲ್ಲ ತಿರುಗಿ ನೋಡಿದರು, ನನ್ನ ಎಡಗಡೆಯ ಸೀಟನ್ನು.

ನಮ್ಮ ಗಲ್ಲಿಯೊಳಗೆ ಕಾರು ಹಿಡಿಸುವುದಿಲ್ಲ, ಒಂದು ಗೂಳಿ ಎದುರಾದರೆ ಮನುಷ್ಯನೇ ಹಿಡಿಸುವುದಿಲ್ಲ. ಗಲ್ಲಿಯ ಬಾಯಲ್ಲಿ ಅರಳೀಕಟ್ಟೆ ಇದೆ, ಅದರ ಪಕ್ಕ ಲಲ್ಲನ್‌ನ ಪಾನ್ ಅಂಗಡಿ. ಅಲ್ಲಿಯೇ ನಿಂತೆವು. ನಾನು ಬೆಲ್ಟು ಬಿಚ್ಚುವಷ್ಟರಲ್ಲಿ ಗುಂಡು ಜನರ ಕೈಗಳ ಮೇಲೆ ತೇಲಿಕೊಂಡು ಕಟ್ಟೆಗೆ ಹೋಯಿತು. ಯಾರೋ ಗಂಗಾಜಲ ತಂದರು, ಯಾರೋ ಬಿಲ್ವಪತ್ರೆ. ಲಲ್ಲನ್ ಬಾಯಲ್ಲಿದ್ದ ಪಾನನ್ನು ಉಗಿದು, ಕೈ ತೊಳೆದು, ಆರತಿ ತಟ್ಟೆ ತಂದ.

ಸುಮಿತ್ರೆ ನನ್ನ ಪಕ್ಕ ಬಂದು ನಿಂತಳು. ಕೈಯಲ್ಲಿ ಗುಂಡಿನ ಕೆಂಪು ಕಣ. "ಈಗಲಾದ್ರೂ ಹೇಳ್ರೀ. ನಮ್ಮಮ್ಮನ ಕಲ್ಲು ಅದು."

ಹೇಳಬೇಕೆಂದೇ ಬಾಯಿ ತೆರೆದೆ. ಲಲ್ಲನ್ ಆರತಿ ತಟ್ಟೆಯನ್ನು ನನ್ನ ಕೈಗಿಟ್ಟ. "ಶುರು ಕರಾ, ಗುರು" ಎಂದ. ಕಸುಬಿನ ಕೈ, ತಟ್ಟೆ ಕಂಡರೆ ತಾನಾಗಿ ತಿರುಗುತ್ತದೆ. ತೆರೆದ ಬಾಯಿಂದ ಮಂತ್ರ ಹೊರಟಿತು. ಮಂಗಳಾರತಿ ಮುಗಿದು ನೋಡಿದರೆ ಸುಮಿತ್ರೆ ಅಲ್ಲಿರಲಿಲ್ಲ.

ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದನ್ನು ಇಲ್ಲಿ ಬಿಟ್ಟು ಹೋಗಬೇಕೆಂದು ನಮ್ಮ ಪದ್ಧತಿ. ನಾನೇ ಸಂಕಲ್ಪ ಮಾಡಿಸುತ್ತೇನೆ. ಹೆಚ್ಚಿನವರು ಹಾಗಲಕಾಯಿ ಬಿಡುತ್ತಾರೆ, ಬುದ್ಧಿವಂತರು. ಆ ದಿನ ಅಡುಗೆಮನೆಯಲ್ಲಿ ಖಾಲಿ ಒರಳಿನ ಮುಂದೆ ಕೂತು ಸುಮಿತ್ರೆ ಹೇಳಿದಳು, "ಎಲ್ಲರಿಗೂ ಬಿಡಿಸ್ತಿದ್ರಿ. ನಂಗೂ ಬಿಡಿಸಿದ್ರಿ." ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು. ನನಗೆ ಅವಮಾನವಾಯಿತು, ಸಂಕಟವೂ ಆಯಿತು.

ಮುಂದೆ ಬಹಳ ದಿನ ಇಡ್ಲಿಯ ಮಾತೆತ್ತಿದರೆ ಒಂದೇ ಉತ್ತರ: "ಗುಂಡೇಶ್ವರನ್ನ ಕೇಳಿ." ಗಲ್ಲಿಯ ಬಾಯಲ್ಲೇ ಉಳಿದ ಕಾರಿನಲ್ಲಿ ಮೊದಲು ಕೋಳಿಗಳು, ಆಮೇಲೆ ಮೇಕೆಗಳು ಸಂಸಾರ ಹೂಡಿದವು. ಕೊನೆಗೆ ಒಬ್ಬ ಬ್ಯಾಂಡಿನವನು ಮದುಮಕ್ಕಳ ಮೆರವಣಿಗೆಗೆಂದು ಎಳೆದುಕೊಂಡು ಹೋದ. ನಾನು ಅದನ್ನು ತಡೆಯಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಕೋಲಾರದ ಕಡೆಯ ಯಾತ್ರಿಕರು ಬಂದರು. ಅವರಲ್ಲೊಬ್ಬ ಅಜ್ಜಿ ಕಟ್ಟೆಯ ಮುಂದೆ ನಿಂತು, ಕೈಮುಗಿಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

"ಭಟ್ರೇ, ಇದು ರುಬ್ಬೋ ಗುಂಡಲ್ವಾ?"

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯಿತು. ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ, "ಅಮ್ಮಾ, ಕಾಶಿಯ ಕಲ್ಲೆಲ್ಲ ಶಿವನೇ" ಎಂದೆ.

"ಅದು ಸರಿ. ಆದ್ರೆ ಇದು ಕಾಶಿ ಕಲ್ಲಲ್ಲ, ನಮ್ಮ ಕಡೆ ಕಲ್ಲು" ಎಂದರು ಅಜ್ಜಿ. "ಒರಳೆಲ್ಲಿ?"

ಸುಮಿತ್ರೆ ಮುಂದೆ ಬಂದು ಎಲ್ಲ ಹೇಳಿಬಿಟ್ಟಳು. ಅಜ್ಜಿ ಅವಳ ಬೆನ್ನು ಸವರಿ, "ಅಳಬೇಡ ಕಣವ್ವ. ದೇವ್ರಾದೋನನ್ನ ಮನೆಗೆ ತರಕ್ಕಾಗಲ್ಲ, ಒರಳನ್ನ ಇಲ್ಲಿಗೆ ತರಬೋದಲ್ಲ. ಶಿವಂಗೆ ಪೀಠ ಬೇಡ್ವಾ?" ಎಂದರು.

ಎರಡು ದಿನದಲ್ಲಿ ಒರಳು ಕಟ್ಟೆಯೇರಿತು, ಗುಂಡು ಅದರಲ್ಲಿ ಕೂತಿತು. ಸೋಮವಾರ ಬೆಳಗ್ಗೆ ಸುಮಿತ್ರೆ ನೀರು ಹಾಕಿ ಗುಂಡು ತೊಳೆಯುತ್ತಿದ್ದಳು. ಅವಳ ಕೈ ಅಭ್ಯಾಸಬಲದಿಂದ ಅದನ್ನು ಒಂದು ಸುತ್ತು ತಿರುಗಿಸಿತು. ಗರ್ರ್ ಎಂದು ಸದ್ದಾಯಿತು. ಅವಳು ಕಣ್ಣು ಮುಚ್ಚಿಕೊಂಡು ಮತ್ತೊಂದು ಸುತ್ತು ತಿರುಗಿಸಿದಳು.

ಮುಂದಿನ ಸೋಮವಾರ ಅವಳ ಕೈಯಲ್ಲಿ ನೆನೆಸಿದ ಉದ್ದಿನ ಬೇಳೆಯ ಪಾತ್ರೆಯಿತ್ತು. "ಈ ಕಾ ಹೌ, ಭಾಭೀ?" ಇದೇನು ಎಂದು ಲಲ್ಲನ್ ಕೇಳಿದ.

"ಉದ್ದಿನ ಅಭಿಷೇಕ. ನಮ್ಮ ಕಡೆ ಪದ್ಧತಿ" ಎಂದಳು ಹಿಂದಿಯಲ್ಲಿ, ಕಣ್ಣು ಪಿಳುಕಿಸದೆ. ನನ್ನ ಕಡೆ ತಿರುಗಿ, "ಸುಮ್ನೆ ನಿಂತಿದ್ದೀರಲ್ಲ, ರುದ್ರ ಹೇಳಿ" ಎಂದಳು.

ನಾನು ರುದ್ರ ಹೇಳಿದೆ, ಅವಳು ರುಬ್ಬಿದಳು. ಮರುದಿನ ಗಲ್ಲಿಗೆಲ್ಲ ಪ್ರಸಾದ ಹಂಚಿದೆವು. ಇಡ್ಲಿ ಹತ್ತಿಯ ಹಾಗೆ ಬಂದಿತ್ತು. ಆಮೇಲೆ ಎಷ್ಟೋ ವರ್ಷ ಪ್ರತಿ ಸೋಮವಾರ ಹಾಗೇ ನಡೆಯಿತು. ಈಗ ನಮಗಿಬ್ಬರಿಗೂ ಮಂಡಿನೋವು. ಗಲ್ಲಿಯ ಸೊಸೆಯರು ರುಬ್ಬುತ್ತಾರೆ, ಸುಮಿತ್ರೆ ಕುರ್ಚಿ ಹಾಕಿಕೊಂಡು ಕೂತು ಅಮ್ಮನ ಹಾಡು ಹೇಳುತ್ತಾಳೆ. ಅವರಿಗೆ ಅದು ಸ್ತೋತ್ರ.

ಲಲ್ಲನ್ ಹೊಸ ಗಿರಾಕಿಗಳಿಗೆಲ್ಲ ಕಟ್ಟೆಯ ಮಹಿಮೆ ಹೇಳುತ್ತಾನೆ. ಮಹಾದೇವ ದಕ್ಷಿಣದಿಂದ ತಾನಾಗಿಯೇ ಹೊರಟನಂತೆ, ಕೆಂಪು ವಿಮಾನದಲ್ಲಿ ಗಾಳಿಯಂತೆ ಬಂದನಂತೆ. ಮೊನ್ನೆ ಯಾರೋ ಕೇಳಿದರು, "ವಿಮಾನ ಓಡಿಸಿದವರು ಯಾರು?"

ನಾನು ಪಕ್ಕದಲ್ಲೇ ಪಾನ್‌ಗೆ ಕಾಯುತ್ತ ನಿಂತಿದ್ದೆ. ಎದೆ ಸ್ವಲ್ಪ ಮುಂದೆ ಮಾಡಿದೆ.

ಲಲ್ಲನ್ ಸುಣ್ಣ ಹಚ್ಚುತ್ತ ಯೋಚಿಸಿದ. "ರಹಾ ಹೋಗಾ ಕೋಈ ಡ್ರೈವರ್" ಎಂದ. ಯಾರೋ ಒಬ್ಬ ಡ್ರೈವರು ಇದ್ದಿರಬೇಕು.