ಮನೇಲೇ ಇರ್ತೀರಲ್ಲ

ಆಫೀಸಿಗೆ ಹೋಗುವವರ ಪೇಚಾಟಗಳು ಆಫೀಸಿನಲ್ಲೇ ಮುಗಿಯುತ್ತವೆ. ಮನೆಯಲ್ಲಿ ಕೂತು ಬರೆಯುವವಳ ಪೇಚಾಟಗಳು ಬಾಗಿಲು ತಟ್ಟಿಕೊಂಡು ಒಳಗೆ ಬರುತ್ತವೆ. ಪತ್ರಿಕೆಗೆ ಲೇಖನ, ಹೋಂಸ್ಟೇಗೆ ಜಾಹೀರಾತು, ನಿವೃತ್ತರಾಗುವವರಿಗೆ ಬೀಳ್ಕೊಡುಗೆ ಮಾತು ಹೀಗೆ ಕೇಳಿದವರಿಗೆ ಕೇಳಿದ್ದನ್ನು ಬರೆದುಕೊಡುವುದು ನನ್ನ ಕಸುಬು. ಅದೊಂದು ಕಸುಬು ಅಂತ ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರೂ ಒಪ್ಪಿಲ್ಲ.

ಚಿಕ್ಕವಳಿದ್ದಾಗ ನಾನು ಬರೆಯುತ್ತ ಕೂತರೆ ಅವ್ವ ಒಲೆಯ ಮುಂದಿನಿಂದಲೇ "ಎಲ್ಲಿಗೆ ಬಂತವ್ವ?" ಅಂತ ಕೇಳುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೂ ಕೇಳುತ್ತಿದ್ದಳು. ಅವಳು ಹೋದ ಮೇಲೆ ಹಾಗೆ ಕೇಳುವವರೇ ಇಲ್ಲ. ಆ ಒಂದು ಮಾತಿಗೆ ನನ್ನ ಜೀವ ಇವತ್ತಿಗೂ ಹಂಬಲಿಸುತ್ತದೆ.

ಸಿಲಿಂಡರ್

ಎದುರು ಮನೆಯ ಟೀಚರಮ್ಮ ಸ್ಕೂಲಿಗೆ ಹೋಗುವಾಗ ಬೀಗದ ಕೈ ಕೊಟ್ಟು ಹೋಗುತ್ತಾರೆ. ಪಕ್ಕದವರು ಕೊರಿಯರ್ ಇಸ್ಕೊಳ್ಳಿ ಅನ್ನುತ್ತಾರೆ. ಹಿಂದಿನ ಮನೆಯವರು ಹಪ್ಪಳ ಒಣಹಾಕಿ, ಕಾಗೆ ಓಡಿಸುವ ಕೆಲಸ ನನಗೆ ವಹಿಸುತ್ತಾರೆ. ಎಲ್ಲರದೂ ಒಂದೇ ಪಲ್ಲವಿ: "ಹೆಂಗೂ ಮನೇಲೇ ಇರ್ತೀರಲ್ಲ."

"ಮನೇಲಿದ್ರೂ ಕೆಲಸದಲ್ಲಿರ್ತೀನಿ ಕಣ್ರೀ" ಅಂತ ಒಮ್ಮೆ ಧೈರ್ಯ ಮಾಡಿ ಅಂದೆ.

"ಅಯ್ಯೋ ಬಿಡಿ, ಇಬ್ಬರು ಮೂವರಿಗೆ ಅಡುಗೆ ಎಷ್ಟೊತ್ತಿನ ಕೆಲಸ" ಅಂದರು ಟೀಚರಮ್ಮ.

ಒಂದು ದಿನ ಬೀದಿಯ ಖಾಲಿ ಸಿಲಿಂಡರುಗಳೆಲ್ಲ ನಮ್ಮ ಜಗುಲಿಯ ಮೇಲೆ ಸಾಲಾಗಿ ನಿಂತಿದ್ದವು. ಗ್ಯಾಸಿನವನು ಆಟೋ ನಿಲ್ಲಿಸಿ ಕಣ್ಣರಳಿಸಿದ. "ಅಕ್ಕಾ, ಏಜೆನ್ಸಿ ಯಾವಾಗ ತಗೊಂಡ್ರಿ? ನಮ್ಗೆ ಒಂದು ಮಾತು ಹೇಳ್ಲೇ ಇಲ್ವಲ್ಲ!"

ಬಿಕ್ಕೋಡಿನ ಮೇಜು

ಬಿಕ್ಕೋಡಿನ ಹತ್ತಿರ ಒಂದು ಹೋಂಸ್ಟೇಗೆ ಜಾಹೀರಾತು ಬರೆಯಲು ಹೋಗಿದ್ದೆ. ಮಾಲೀಕರು "ಕಾಡು, ಹಕ್ಕಿ, ಜಲಪಾತ ಎಲ್ಲಾ ಸೇರಿಸಿ ಮೇಡಂ" ಅಂದರು.

"ಜಲಪಾತ ಎಲ್ಲಿದೆ?"

"ನೀವು ಬರೀರಿ. ಆಮೇಲೆ ನೋಡನ."

ಕೋಣೆ ತೋರಿಸಿದರು. ಕಿಟಕಿಯ ಪಕ್ಕ ಒಂದು ಮೇಜು, ಆಚೆಗೆ ಕಾಫಿ ಗಿಡಗಳು, ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು. ಆ ಚಿಲಕವನ್ನು ಮುಟ್ಟಿ ಮುಟ್ಟಿ ನೋಡಿದೆ. ನನಗೂ ಹೀಗೊಂದು ಬಾಗಿಲಿದ್ದಿದ್ದರೆ ಅನ್ನಿಸಿ ಹೊಟ್ಟೆ ಉರಿಯಿತು. ಜಲಪಾತ ಬಿಟ್ಟು, "ಇಲ್ಲಿ ನಿಮ್ಮನ್ನು ಯಾರೂ ಕೂಗುವುದಿಲ್ಲ" ಅಂತ ಮೊದಲ ಸಾಲು ಬರೆದೆ.

ಚುಕ್ಕಿ ಇಡುವಷ್ಟರಲ್ಲಿ ಮನೆಯಿಂದ ಫೋನು ಬಂತು. ಅತ್ತೆ. "ಸಾಸಿವೆ ಡಬ್ಬ ಎಲ್ಲಿಟ್ಟಿದ್ದೀಯೇ?"

ಬಸ್ತಿಹಳ್ಳಿಯ ಕಂಬ

ಫೋನನ್ನೂ ಮನೆಯಲ್ಲೇ ಬಿಟ್ಟು ದೂರ ಹೋದರೆ ಬಿಡುವು ಸಿಗಬಹುದು ಅಂತ ಇನ್ನೊಂದು ದಿನ ಹಳೇಬೀಡಿನ ಬಸ್ಸು ಹತ್ತಿದೆ. ದೇವಸ್ಥಾನದ ಜಗತಿಯ ಮೇಲೆ ಕೂತು ಬರೆಯಲು ಶುರು ಮಾಡಿದ್ದೇ ತಡ, ಪ್ರವಾಸಕ್ಕೆ ಬಂದ ಹೆಂಗಸೊಬ್ಬಳು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. "ಸುಮ್ನೆ ಕೂತಿದ್ದೀರಲ್ಲ, ಒಂದು ಫೋಟೋ ತೆಗೆಸ್ಕೊಂಡು ಬತ್ತೀವಿ."

ಮಗು ವಾಪಸ್ಸು ಕೊಟ್ಟವಳೇ ಎದ್ದು ಅಲ್ಲೇ ಹತ್ತಿರದ ಬಸ್ತಿಹಳ್ಳಿಯ ಜೈನ ಬಸದಿಗೆ ನಡೆದೆ. ಕಾವಲಿನ ಅಜ್ಜನನ್ನು ಬಿಟ್ಟರೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ನುಣುಪು ಕಂಬಕ್ಕೆ ಒರಗಿ, ಅವ್ವನ ಒಲೆಯ ಬಗ್ಗೆ ಬರೆಯುತ್ತಾ ಹೋದೆ. ಕಣ್ಣು ತುಂಬಿದ್ದೂ ಗೊತ್ತಾಗಲಿಲ್ಲ. ಎಷ್ಟೋ ದಿನದ ಮೇಲೆ ನಾನು ನಾನಾಗಿದ್ದೆ.

ಕಾವಲಿನ ಅಜ್ಜ ಬಹಳ ಹೊತ್ತು ನೋಡಿ ಹತ್ತಿರ ಬಂದ. "ಗಂಡನ ಮನೇಲಿ ಏನಾರ ಮಾತು ಬಂತೇನವ್ವಾ? ಎಲ್ಲಾರ ಮನೆ ದೋಸೇನೂ ತೂತೇಯ. ಸಿಟ್ಟು ಇಳಿಸ್ಕಂಡು ಮನೆಗೋಗು, ಬಸ್ಸು ಬರೋ ಹೊತ್ತಾತು."

ಅತ್ತೆಯ ಭಾಷಣ

ನಮ್ಮ ಅತ್ತೆ ಈ ವರ್ಷ ಬೀದಿಯ ಮಹಿಳಾ ಸಂಘಕ್ಕೆ ಅಧ್ಯಕ್ಷೆ. ವಾರ್ಷಿಕೋತ್ಸವದಲ್ಲಿ ಮಾತಾಡಬೇಕಿತ್ತು. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಪಿಸುಗುಟ್ಟಿದರು. "ನಾಕು ಮಾತು ಬರ್ಕೊಡೇ. ಯಾರ್ಗೂ ಹೇಳ್ಬ್ಯಾಡ."

ಬರೆದುಕೊಟ್ಟೆ. ಅವರು ಬಾಯಿಪಾಠ ಮಾಡಿ ಹೇಳಿದ್ದೇ ಹೇಳಿದ್ದು, ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಟೀಚರಮ್ಮ "ಯಾರು ಬರ್ಕೊಟ್ರು ಅಮ್ಮಾ?" ಅಂದರೆ ಅತ್ತೆ ಸೆರಗು ಸರಿಮಾಡಿಕೊಂಡು "ಯಾರ್ ಬರ್ಕೊಡ್ಬೇಕು? ಮನ್ಸಿಗೆ ಬಂದಿದ್ದು ಆಡ್ದೆ" ಅಂದರು. ಹಿಂದಿನ ಸಾಲಿನಲ್ಲಿ ನಾನೂ ಚಪ್ಪಾಳೆ ತಟ್ಟಿದೆ. ನೋವಾಯಿತು, ಸುಳ್ಳು ಯಾಕೆ ಹೇಳಲಿ.

ಮರುವಾರ ಬೆಳಿಗ್ಗೆ ಲೇಖನ ಬರೆಯಲು ಕೂತಿದ್ದೆ. ಹೊರಗೆ ಗೇಟಿನ ಸದ್ದಾಯಿತು. ಬೀಗದ ಕೈ ಹಿಡಿದ ಟೀಚರಮ್ಮ ಇರಬೇಕು ಅಂತ ಏಳುವಷ್ಟರಲ್ಲಿ ಅತ್ತೆಯ ದನಿ ಕೇಳಿತು.

"ಕೂಗ್ಬ್ಯಾಡಿ. ಅವ್ಳು ಕೆಲಸದಲ್ಲವ್ಳೆ. ಬೀಗದ ಕೈ ನಂಗೆ ಕೊಡಿ, ನಾನು ಮನೇಲೇ ಇರ್ತೀನಲ್ಲ."

ಏಳಹೊರಟವಳು ಮತ್ತೆ ಕೂತೆ. ಕೆಲಸ ಅನ್ನುವ ಮಾತು ಈ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಅದೇ ಮೊದಲು. ಅಷ್ಟರಲ್ಲಿ ಅತ್ತೆ ಸದ್ದಿಲ್ಲದೆ ಬಾಗಿಲು ಸರಿಸಿ, ಕಾಫಿ ಲೋಟ ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದರು.

"ಎಲ್ಲಿಗೆ ಬಂತವ್ವ?"

ಕಣ್ಣೊರೆಸಿಕೊಂಡು "ಈಗ ತಾನೇ ಶುರು ಮಾಡಿದೆ ಅತ್ತೆ" ಅಂದೆ.

"ಬಿರ್ರನೆ ಮುಗ್ಸು ಮತ್ತೆ" ಅಂದರು ಅತ್ತೆ. "ಬೇಲೂರಿನ ಸಂಘದೋರೂ ನನ್ನ ಭಾಷಣಕ್ಕೆ ಕರೆದವ್ರೆ."